ಸಸಿಗೂ ದೇಹಕ್ಕೂ ಬಿಸಿಲು ಒಗ್ಗಿಸುವುದು: ದಿನಕ್ಕೆಷ್ಟು, ಹೇಗೆ, ಎಲ್ಲಿ ಕೆಡುತ್ತದೆ

ನೆರಳಲ್ಲಿ ಬೆಳೆದ ಸಸಿಯನ್ನು ಒಂದೇ ಸಲಕ್ಕೆ ನಡುಹಗಲ ಬಿಸಿಲಿಗೆ ತಂದಿಟ್ಟರೆ ಎರಡು ಮೂರು ದಿನದೊಳಗೆ ಎಲೆಗಳ ಮೇಲೆ ಬಿಳಿಚಿಕೊಂಡ ಒಣ ಮಚ್ಚೆಗಳು ಬೀಳುತ್ತವೆ. ತಿಂಗಳುಗಟ್ಟಲೆ ಒಳಗೇ ಕೂತು ಕೆಲಸ ಮಾಡಿದವರು ಮೊದಲ ದಿನವೇ ಬಿಸಿಲಲ್ಲಿ ಪೂರ್ತಿ ಹೊತ್ತು ದುಡಿದರೆ ತಲೆಸುತ್ತು, ವಾಕರಿಕೆ, ಕೆಲವೊಮ್ಮೆ ಜೀವಕ್ಕೇ ಅಪಾಯ. ಎರಡೂ ಕಡೆ ಕಾರಣ ಒಂದೇ. ಹೊಸ ಪರಿಸ್ಥಿತಿಗೆ ಬೇಕಾದ ಏರ್ಪಾಡು ಒಳಗೆ ಇನ್ನೂ ಆಗಿರಲಿಲ್ಲ.

ಒಗ್ಗಿಕೊಳ್ಳುವುದನ್ನು ಹಲವರು ಗಟ್ಟಿತನದ ವಿಷಯ ಎಂದುಕೊಳ್ಳುತ್ತಾರೆ. ಅದು ಕಟ್ಟೋಣದ ವಿಷಯ. ಎಲೆ ಹೊಸ ವರ್ಣದ್ರವ್ಯ, ಹೊಸ ಪ್ರೋಟೀನು, ದಪ್ಪನೆಯ ಮೇಣದ ಪದರ ಕಟ್ಟಿಕೊಳ್ಳಬೇಕು. ದೇಹ ರಕ್ತದ ದ್ರವಭಾಗವನ್ನು ಹೆಚ್ಚಿಸಿಕೊಂಡು ಬೆವರಿನ ಗ್ರಂಥಿಗಳ ಕೆಲಸವನ್ನು ಬದಲಿಸಿಕೊಳ್ಳಬೇಕು. ಇದಕ್ಕೆ ದಿನಗಳು ಹಿಡಿಯುತ್ತವೆ, ಅವಸರ ಮಾಡಿದರೆ ಕಟ್ಟುವುದಕ್ಕಿಂತ ಬೇಗ ಕೆಡುತ್ತದೆ. ಹಾಗೆಂದು ಬಿಸಿಲೇ ತಾಗದಂತೆ ಕಾಪಾಡಿದರೆ ಕಟ್ಟೋಣ ಶುರುವಾಗುವುದೇ ಇಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಾವಾಗಲೂ ದಿನಕ್ಕೆಷ್ಟು ಎಂಬುದು.

ಮೂರು ವೇಗ

ಯಾವ ಬದಲಾವಣೆ ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು.

ನಿಮಿಷಗಳಲ್ಲಿ ಆಗುವವು: ಗಿಡದಲ್ಲಿ ಪತ್ರರಂಧ್ರಗಳು (ಎಲೆಯ ಮೇಲಿನ ಸೂಕ್ಷ್ಮ ತೂತುಗಳು) ಮುಚ್ಚುತ್ತವೆ. ಬೇರಿಗೆ ನೀರು ಸಾಲದಾದಾಗ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚಿ, ರಂಧ್ರದ ಅಕ್ಕಪಕ್ಕದ ಕಾವಲು ಕೋಶಗಳಿಂದ ಪೊಟ್ಯಾಸಿಯಂ ಹೊರಹೋಗುತ್ತದೆ. ಅದರ ಹಿಂದೆ ನೀರೂ ಹೋಗಿ ಕೋಶ ಸಡಿಲಗೊಂಡು ರಂಧ್ರ ಮುಚ್ಚಿಕೊಳ್ಳುತ್ತದೆ. ನೀರು ಉಳಿಯಿತು, ಆದರೆ ಆವಿಯಾಗಿ ತಂಪು ಕೊಡುತ್ತಿದ್ದದ್ದೂ ನಿಂತಿತು, ಎಲೆ ಕಾಯತೊಡಗಿತು. ದೇಹದಲ್ಲಿ ಇದೇ ಅವಧಿಯಲ್ಲಿ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ನಾಡಿ ಏರುತ್ತದೆ, ಬೆವರು ಒಡೆಯುತ್ತದೆ. ಇವು ತುರ್ತು ಕ್ರಮಗಳು. ಇವುಗಳ ಬಲದ ಮೇಲೇ ದಿನವಿಡೀ ನಡೆಸಲಾಗದು.

ದಿನಗಳಲ್ಲಿ ಆಗುವವು: ಎಲೆಯಲ್ಲಿ ಹೆಚ್ಚುವರಿ ಬೆಳಕನ್ನು ಶಾಖವಾಗಿ ಬಿಟ್ಟುಕೊಡುವ ಹಳದಿ ವರ್ಣದ್ರವ್ಯಗಳ ದಾಸ್ತಾನು ಬೆಳೆಯುತ್ತದೆ, ಪ್ರೋಟೀನುಗಳನ್ನು ಶಾಖದಿಂದ ಕಾಯುವ ಪ್ರೋಟೀನುಗಳು ತಯಾರಾಗುತ್ತವೆ. ದೇಹದಲ್ಲಿ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಹೆಚ್ಚುತ್ತದೆ.

ವಾರಗಳಲ್ಲಿ ಆಗುವವು: ಹೊಸ ಎಲೆ, ಹೊಸ ಬೇರು, ಹೊಸ ಕೆಂಪು ರಕ್ತಕಣ.

ಇಲ್ಲಿ ಗಿಡಕ್ಕೊಂದು ಮಿತಿಯಿದೆ. ನೆರಳಲ್ಲಿ ಪೂರ್ತಿ ಬೆಳೆದು ಮುಗಿದ ಎಲೆಯ ಒಳರಚನೆ ಇನ್ನು ಹೆಚ್ಚು ಬದಲಾಗದು. ನೆರಳೆಲೆ ಅಗಲ, ತೆಳು. ಬಿಸಿಲೆಲೆ ಚಿಕ್ಕದು, ದಪ್ಪ, ಅದರೊಳಗೆ ಕಂಬದಂತೆ ನಿಂತ ಕೋಶಗಳ ಸಾಲು ಹೆಚ್ಚು. ಹಳೆಯ ಎಲೆಗೆ ಸ್ವಲ್ಪ ರಕ್ಷಣೆ ಸೇರಿಸಬಹುದಷ್ಟೆ, ಬಿಸಿಲೆಲೆ ಬೇಕೆಂದರೆ ಅದು ಚಿಗುರಿನಿಂದಲೇ ಬರಬೇಕು. ಹಾಗಾಗಿ ಸಸಿ ಒಗ್ಗಿತೇ ಎಂದು ನೋಡಲು ಹಳೆಯ ಎಲೆಯನ್ನಲ್ಲ, ಬಿಸಿಲಿಗೆ ತಂದ ಮೇಲೆ ಬಿಚ್ಚಿದ ಹೊಸ ಎಲೆಯನ್ನು ನೋಡಿ.

ಬೇಕಾದ ಸಾಮಾನು

ಗ್ರಾಂ ತೋರಿಸುವ ತಕ್ಕಡಿ (ಐದು ಕೆಜಿವರೆಗಿನದು ಸಾಕು), ದೇಹದ ತೂಕ ನೋಡುವ ಯಂತ್ರ (100 ಗ್ರಾಂ ವ್ಯತ್ಯಾಸ ತೋರಿಸಬೇಕು), ಸೆಕೆಂಡು ತೋರುವ ಗಡಿಯಾರ, ಥರ್ಮಾಮೀಟರು, ಒಂದು ನೋಟ್‌ಬುಕ್ಕು. ಬೆಳಕು ಅಳೆಯಲು ಮೊಬೈಲಿನ ಲಕ್ಸ್ ಆ್ಯಪ್ ನಡೆಯುತ್ತದೆ. ಅದರ ಅಂಕಿ ಕರಾರುವಾಕ್ಕಾಗಿರುವುದಿಲ್ಲ, ಆದರೆ ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ಅಂತರ ತಿಳಿಯುತ್ತದೆ. ಅಂದಾಜಿಗೆ ಇಷ್ಟು ನೆನಪಿರಲಿ: ನಡುಹಗಲ ನೇರ ಬಿಸಿಲು ಸುಮಾರು 1,00,000 ಲಕ್ಸ್, ಮನೆಯೊಳಗಿನ ಸಾಮಾನ್ಯ ಬೆಳಕು ಕೆಲವು ನೂರು ಲಕ್ಸ್. ಕಣ್ಣು ತನ್ನಷ್ಟಕ್ಕೆ ಹೊಂದಿಸಿಕೊಳ್ಳುವುದರಿಂದ ಈ ನೂರಾರು ಪಟ್ಟಿನ ಅಂತರ ನಮಗೆ ಗೊತ್ತಾಗುವುದೇ ಇಲ್ಲ. ಕಿಟಕಿ ಪಕ್ಕ ಚೆನ್ನಾಗಿ ಬೆಳಕಿತ್ತಲ್ಲ, ಆದರೂ ಗಿಡ ಸುಟ್ಟಿತೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಗಿಡ: ಮೊದಲು ತೂಗಿ

ಸಸಿಯನ್ನು ಹೊರಗಿಡುವ ಮುನ್ನ ಅದು ದಿನಕ್ಕೆ ಎಷ್ಟು ನೀರು ಕಳೆಯುತ್ತದೆ ಎಂದು ತಿಳಿದಿರಬೇಕು. ಕುಂಡಕ್ಕೆ ತಳದಿಂದ ಹರಿಯುವಷ್ಟು ನೀರು ಹಾಕಿ, ಒಂದು ಗಂಟೆ ಬಸಿಯಲು ಬಿಡಿ. ಮಣ್ಣಿನ ಮೇಲ್ಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಕಾಂಡದ ಸುತ್ತ ಮುಚ್ಚಿ ಕಟ್ಟಿ, ಮಣ್ಣಿನಿಂದ ಆರುವ ನೀರು ಲೆಕ್ಕಕ್ಕೆ ಸೇರಬಾರದು. ಹೀರಿಕೊಳ್ಳುವ ಮಣ್ಣಿನ ಕುಂಡವಾದರೆ ಅದನ್ನೂ ಪ್ಲಾಸ್ಟಿಕ್ ಚೀಲದೊಳಗೆ ಇಡಿ. ಬೆಳಗ್ಗೆ ತೂಗಿ, ಸಂಜೆ ತೂಗಿ. ಬೆಳಗ್ಗೆ 2450 ಗ್ರಾಂ, ಸಂಜೆ 2290 ಗ್ರಾಂ ಬಂದರೆ ಎಲೆಗಳ ಮೂಲಕ ಹೋದದ್ದು 160 ಮಿಲಿಲೀಟರು. ಇದು ಹಳೆಯ ವಿಧಾನ. 1724ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಸೂರ್ಯಕಾಂತಿಯ ಕುಂಡಕ್ಕೆ ಸೀಸದ ತಗಡಿನ ಮುಚ್ಚಳ ಹಾಕಿ ಬೆಳಗ್ಗೆ ಸಂಜೆ ತೂಗಿದ್ದು ಹೀಗೆಯೇ. ಕುದುರೆಯ ಅಪಧಮನಿಗೆ ನಳಿಕೆ ಇಳಿಸಿ ರಕ್ತದೊತ್ತಡವನ್ನು ಮೊದಲು ಅಳೆದವನೂ ಅವನೇ. ಗಿಡದ ರಸಕ್ಕೂ ಪ್ರಾಣಿಯ ರಕ್ತಕ್ಕೂ ಒಂದೇ ಬಗೆಯ ಕುತೂಹಲ ತೋರಿದ ಮನುಷ್ಯ.

ಇನ್ನೆರಡು ಅಂಕಿಗಳು ಬೇಕು. ನೀರು ಬಸಿದ ಮೇಲಿನ ತೂಕ ಒಂದು. ನೀರು ಹಾಕದೆ ಬಿಟ್ಟು, ಎಲೆ ಜೋಲತೊಡಗುವ ಹೊತ್ತಿನ ತೂಕ ಇನ್ನೊಂದು. ಎರಡರ ವ್ಯತ್ಯಾಸವೇ ಗಿಡಕ್ಕೆ ನಿಜವಾಗಿ ದಕ್ಕುವ ನೀರು. ಅದು 600 ಗ್ರಾಂ ಎಂದಿಟ್ಟುಕೊಳ್ಳಿ. ಮಾಮೂಲಿಯಾಗಿ ಅದರಲ್ಲಿ ಅರ್ಧ, ಅಂದರೆ 300 ಗ್ರಾಂ ಕಳೆದಾಗ ನೀರು ಹಾಕಬೇಕು. ಒಗ್ಗಿಸುವ ದಿನಗಳಲ್ಲಿ 360ರಿಂದ 400 ಗ್ರಾಂ ಕಳೆಯುವವರೆಗೆ ಕಾಯಬಹುದು. ಈ ಸಣ್ಣ ಒಣಗುವಿಕೆಯಿಂದ ಮೇಲಿನ ಬೆಳವಣಿಗೆ ನಿಧಾನವಾಗಿ, ಗಿಡ ಸಕ್ಕರೆಯ ಹೆಚ್ಚು ಪಾಲನ್ನು ಬೇರಿಗೆ ಕಳಿಸುತ್ತದೆ. ಪ್ರತಿದಿನ ಜೋಲುವವರೆಗೆ ಬಿಡುವುದು ಬೇರೆ ಮಾತು. ಅದರಿಂದ ಎಳೆಬೇರುಗಳು ಸಾಯುತ್ತವೆ, ಗಟ್ಟಿಯಾಗುವುದು ಏನೂ ಇಲ್ಲ.

ಹದಿನಾಲ್ಕು ದಿನದ ಕ್ರಮ

ಮೊದಲ ಎರಡು ದಿನ ಗಾಳಿಯ ಹೊಡೆತವಿಲ್ಲದ ಬೆಳಕಿನ ನೆರಳಲ್ಲಿಡಿ, ಬೆಳಗಿನ ಎಳೆಬಿಸಿಲು ಒಂದು ಗಂಟೆ ತಾಗಲಿ. ಮೂರು, ನಾಲ್ಕನೆಯ ದಿನ ಎರಡರಿಂದ ಮೂರು ಗಂಟೆ. ಐದು, ಆರನೆಯ ದಿನ ಬೆಳಗ್ಗೆ ಮೂರು ಗಂಟೆ, ಸಂಜೆಯಿಳಿಯುವ ಬಿಸಿಲು ಒಂದು ಗಂಟೆ. ಏಳರಿಂದ ಒಂಬತ್ತರವರೆಗೆ ಬೆಳಗ್ಗೆ 11 ಗಂಟೆವರೆಗೂ ಬಿಡಿ, ರಾತ್ರಿಯೂ ಹೊರಗೇ ಇರಲಿ. ಹತ್ತನೆಯ ದಿನದಿಂದ ನಡುಹಗಲ ಬಿಸಿಲನ್ನು ಒಂದೊಂದು ಗಂಟೆ ಸೇರಿಸುತ್ತ ಹದಿನಾಲ್ಕಕ್ಕೆ ಇಡೀ ದಿನಕ್ಕೆ ತಲುಪಿಸಿ. ಕುಂಡ ಎತ್ತಿ ಇಳಿಸುವುದು ಕಷ್ಟವಾದರೆ ಅರ್ಧ ಬೆಳಕು ತಡೆಯುವ ನೆರಳುಬಲೆ ಮೊದಲ ವಾರ, ಮೂವತ್ತು ಪ್ರತಿಶತ ತಡೆಯುವುದು ಎರಡನೆಯ ವಾರ ಕಟ್ಟಿದರೂ ಆಗುತ್ತದೆ. ಬಲೆಯನ್ನು ಎಲೆಗೆ ತಾಗದಂತೆ ಎತ್ತರದಲ್ಲಿ ಕಟ್ಟಿ, ಬದಿಗಳು ತೆರೆದಿರಲಿ. ಇಲ್ಲದಿದ್ದರೆ ಕೆಳಗೆ ಶಾಖ ಕಟ್ಟಿಕೊಳ್ಳುತ್ತದೆ.

ಹೆಚ್ಚಿನವರು ಎಡವುವುದು ಮೋಡದ ದಿನಗಳಲ್ಲಿ. ನಾಲ್ಕು ದಿನ ಮೋಡ ಮುಸುಕಿದಾಗ ಸಸಿ ಹೊರಗಿತ್ತು, ಕ್ಯಾಲೆಂಡರಿನ ಪ್ರಕಾರ ಎಂಟನೆಯ ದಿನ ಬಂತು, ಐದು ಗಂಟೆ ಬಿಸಿಲಿಗೆ ಬಿಟ್ಟರು, ಎಲೆ ಸುಟ್ಟಿತು. ದಟ್ಟ ಮೋಡದ ದಿನಗಳನ್ನು ಎಣಿಕೆಗೆ ತೆಗೆದುಕೊಳ್ಳಬೇಡಿ. ಎಲೆಗೆ ತಾಗಿದ ಬೆಳಕಷ್ಟೇ ಲೆಕ್ಕ. ಮೋಡ ಸರಿದ ಮೇಲೆ ನಿಲ್ಲಿಸಿದ್ದ ದಿನದಿಂದಲೇ ಮುಂದುವರಿಸಿ.

ಸುಡುವುದು ಹೇಗೆಂದು ಹತ್ತಿರದಿಂದ ನೋಡೋಣ. ಎಲೆ ಹಿಡಿದ ಬೆಳಕು ಅದು ಬಳಸಬಲ್ಲದ್ದಕ್ಕಿಂತ ಹೆಚ್ಚಾದಾಗ, ಮಿಕ್ಕ ಶಕ್ತಿ ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ದ್ಯುತಿಸಂಶ್ಲೇಷಣೆಯ ಎರಡನೆಯ ಬೆಳಕುವ್ಯವಸ್ಥೆಯಲ್ಲಿರುವ ಡಿ-1 ಎಂಬ ಪ್ರೋಟೀನು ಬಿಸಿಲಲ್ಲಿ ಸದಾ ಮುರಿಯುತ್ತಿರುತ್ತದೆ, ಎಲೆ ಸದಾ ಅದನ್ನು ಹೊಸದಾಗಿ ಮಾಡಿ ಹಾಕುತ್ತಿರುತ್ತದೆ. ಮುರಿತ ರಿಪೇರಿಯನ್ನು ಮೀರಿದಾಗ ಪತ್ರಹರಿತ್ತು ಕೆಟ್ಟು ಬಣ್ಣ ಹೋಗುತ್ತದೆ. ಮೊದಲು ಎಲೆ ಮಸುಕು ಹಸಿರಾಗಿ ಹೊಳಪು ಕಳೆದುಕೊಳ್ಳುತ್ತದೆ. ಈ ಹಂತದಲ್ಲಿ ನೆರಳಿಗೆ ತಂದರೆ ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆಮೇಲೆ ಬಿಸಿಲಿಗೆ ಎದುರಾದ ಭಾಗದಲ್ಲೇ ಬಿಳಿ ಅಥವಾ ತಿಳಿಗಂದು ಮಚ್ಚೆ. ಮೇಲಿನ ಎಲೆಯ ನೆರಳು ಬಿದ್ದಿದ್ದ ಜಾಗ ಹಸಿರಾಗೇ ಉಳಿದಿದ್ದರೆ ಅದು ರೋಗವಲ್ಲ, ಬಿಸಿಲೇ. ಮಚ್ಚೆ ಬಿದ್ದ ಭಾಗ ಮತ್ತೆ ಹಸಿರಾಗದು. ಆದರೂ ಅರ್ಧಕ್ಕಿಂತ ಹೆಚ್ಚು ಹಸಿರಿರುವ ಎಲೆಯನ್ನು ಕೀಳಬೇಡಿ, ಚಿಗುರಿಗೆ ಅನ್ನವೂ ನೆರಳೂ ಅದರಿಂದಲೇ.

ಬಿಸಿಲಿಗೆ ಹೋಗುವ ವಾರ ಸಾರಜನಕದ ಗೊಬ್ಬರ ಕೊಡಬೇಡಿ. ಮೆತ್ತನೆಯ, ನೀರು ತುಂಬಿದ ಚಿಗುರು ಬರುತ್ತದೆ, ಮೊದಲು ಸುಡುವುದೂ ಅದೇ. ಅಂಗಾಂಶ ಕೃಷಿಯ, ಅಂದರೆ ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿದ ಸಸಿಗಳಾದರೆ ಇನ್ನೂ ನಿಧಾನ ಬೇಕು. ಬಾಟಲಿಯ ತೇವದಲ್ಲಿ ಬೆಳೆದ ಎಲೆಗೆ ಮೇಣದ ಪದರ ತೀರಾ ತೆಳು, ಪತ್ರರಂಧ್ರಗಳಿಗೆ ಸರಿಯಾಗಿ ಮುಚ್ಚಲು ಬರುವುದಿಲ್ಲ. ಅವನ್ನು ಪಾರದರ್ಶಕ ಮುಚ್ಚಳದ ಕೆಳಗಿಟ್ಟು, ಎರಡರಿಂದ ನಾಲ್ಕು ವಾರಗಳಲ್ಲಿ ಮುಚ್ಚಳವನ್ನು ದಿನಕ್ಕಿಷ್ಟು ಸರಿಸುತ್ತ ಮೊದಲು ಒಣಗಾಳಿಗೆ ಒಗ್ಗಿಸಿ. ಬಿಸಿಲಿನ ಮಾತು ಅದಾದ ಮೇಲೆ.

ಎದುರು ದಿಕ್ಕಿನ ಪ್ರಯಾಣಕ್ಕೂ ಇದೇ ನಿಯಮ. ಬಿಸಿಲಲ್ಲಿದ್ದ ಫೈಕಸ್ ಬೆಂಜಮಿನ ಎಂಬ ಅಲಂಕಾರದ ಗಿಡವನ್ನು ಒಳಗೆ ತಂದಿಟ್ಟರೆ ರಾಶಿ ಎಲೆ ಉದುರಿಸುತ್ತದೆ. ಬಿಸಿಲೆಲೆ ಉಸಿರಾಟಕ್ಕೆ ಖರ್ಚು ಮಾಡುವಷ್ಟನ್ನೂ ಮಂದ ಬೆಳಕಲ್ಲಿ ಗಳಿಸಲಾರದು. ನಾಲ್ಕಾರು ವಾರ ಹೊರಗಿನ ನೆರಳಲ್ಲಿಟ್ಟು, ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ ಆಮೇಲೆ ಒಳಗೆ ತನ್ನಿ. ಒಳಗೆ ಬಂದ ಮೇಲೆ ಎಲೆ ಉದುರಿತೆಂದು ಹೆಚ್ಚು ನೀರು ಹಾಕುವುದೇ ಅದನ್ನು ಕೊಲ್ಲುವ ದಾರಿ.

ಬಾಡಿದ್ದಕ್ಕೆಲ್ಲ ನೀರು ಮದ್ದಲ್ಲ

ನಡುಹಗಲಲ್ಲಿ ಬಾಡಿ ಸಂಜೆಗೆ ಎದ್ದು ನಿಂತರೆ ಬೇರಿನ ಪೂರೈಕೆಗಿಂತ ಎಲೆಯ ಖರ್ಚು ಸ್ವಲ್ಪ ಹೊತ್ತು ಹೆಚ್ಚಾಗಿತ್ತು ಎಂದರ್ಥ. ಬಿಸಿಲಿನ ಹೊತ್ತನ್ನು ಅವತ್ತಿನ ಮಟ್ಟಿಗೇ ಇನ್ನೆರಡು ದಿನ ಉಳಿಸಿಕೊಳ್ಳಿ, ಮುಂದೆ ಹೋಗಬೇಡಿ. ಬೆಳಗಿನ ಜಾವಕ್ಕೂ ಬಾಡಿಯೇ ಇದ್ದರೆ ಬೆರಳನ್ನು ಮಣ್ಣಿಗೆ ಐದು ಸೆಂಟಿಮೀಟರು ಇಳಿಸಿ. ಒಣಗಿದ್ದರೆ ನೀರು ಹಾಕಿ. ಹಸಿಯಾಗಿದ್ದರೆ ಹಾಕಬೇಡಿ.

ಹಸಿ ಮಣ್ಣಿನಲ್ಲಿ ಗಿಡ ಬಾಡುವುದು ವಿಚಿತ್ರವೆನಿಸಿದರೂ ಕಾರಣ ಸರಳ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ನೀರಿನಲ್ಲಿ ಆಮ್ಲಜನಕ ಗಾಳಿಯಲ್ಲಿ ಚಲಿಸುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಚಲಿಸುತ್ತದೆ. ಉಸಿರುಗಟ್ಟಿದ ಬೇರಿನ ಕೋಶಪೊರೆಯಲ್ಲಿರುವ ನೀರಿನ ದಾರಿಗಳು ಮುಚ್ಚಿಕೊಳ್ಳುತ್ತವೆ. ಬೇರು ನೀರಿನಲ್ಲಿ ಮುಳುಗಿದ್ದೂ ಮೇಲಕ್ಕೆ ಕಳಿಸಲಾರದು. ಎಲೆಯ ತೊಟ್ಟುಗಳು ಕೆಳಕ್ಕೆ ಬಾಗುವುದು, ಕೆಳಗಿನ ಎಲೆ ಹಳದಿಯಾಗುವುದು, ಕಾಂಡದ ಬುಡದಲ್ಲಿ ಹೊಸ ಬೇರಿನ ಗುಬುಟು ಕಾಣುವುದು ಇದರ ಗುರುತು. ಕುಂಡವನ್ನು ಓರೆಯಾಗಿಟ್ಟು ಬಸಿಯಿರಿ, ನೆರಳಿಗೆ ತನ್ನಿ, ತಳದ ತೂತು ಕಟ್ಟಿದೆಯೇ ನೋಡಿ. ಕಂದಾಗಿ ಮೆತ್ತಗಾದ ಬೇರಿದ್ದರೆ ಕತ್ತರಿಸಿ ಹೊಸ ಮಣ್ಣಿಗೆ ಹಾಕಿ, ಕಳೆದ ಬೇರಿಗೆ ತಕ್ಕಷ್ಟು ಎಲೆಯನ್ನೂ ಕಡಿಮೆ ಮಾಡಿ.

ಗಾಳಿ ಮತ್ತು ತಂಪು

ಗಾಳಿಯಲ್ಲಿ ಅಲುಗಾಡಿದ ಕಾಂಡ ಗಿಡ್ಡಗೆ, ದಪ್ಪಗೆ ಬೆಳೆಯುತ್ತದೆ. ಮುಟ್ಟುವುದರಿಂದಲೇ ಗಿಡದ ರೂಪ ಬದಲಾಗುವ ಈ ಗುಣಕ್ಕೆ ಸಸ್ಯವಿಜ್ಞಾನಿ ಮಾರ್ಕ್ ಜಾಫ್ 1973ರಲ್ಲಿ ಥಿಗ್ಮೊಮಾರ್ಫೊಜೆನೆಸಿಸ್ ಎಂಬ ಹೆಸರು ಕೊಟ್ಟರು. ಟೊಮೆಟೊದಂಥ ಸಸಿಗೆ ಎರಡು ಮೂರು ನಿಜ ಎಲೆ (ಬೀಜದೆಲೆಗಳ ಆಮೇಲೆ ಬಿಚ್ಚುವವು) ಬಂದ ಮೇಲೆ ದಿನಕ್ಕೊಮ್ಮೆ, ಎಲೆ ಒಣಗಿರುವಾಗ, ತುದಿಗಳ ಮೇಲೆ ಕೈಯನ್ನೋ ಹಗುರ ಕೋಲನ್ನೋ ಹತ್ತರಿಂದ ಇಪ್ಪತ್ತು ಸಲ ಸವರಿ. ಒದ್ದೆ ಎಲೆಗೆ ಮಾಡಿದರೆ ರೋಗ ಹರಡುತ್ತದೆ. ಮೆಣಸಿನ ಸಸಿಯ ಎಲೆ ಸುಲಭವಾಗಿ ಗಾಯಗೊಳ್ಳುತ್ತದೆ, ಅದಕ್ಕೆ ಫ್ಯಾನಿನ ಮೆಲುಗಾಳಿಯೇ ಮೇಲು. ಆಸರೆಗೋಲು ಕಟ್ಟುವುದಾದರೆ ಕೆಳಗೆ, ಸಡಿಲವಾಗಿ ಕಟ್ಟಿ. ಅಲುಗಾಡದಂತೆ ಬಿಗಿದ ಕಾಂಡ ತೆಳ್ಳಗೇ ಉಳಿದು ಕಟ್ಟು ಬಿಚ್ಚಿದ ದಿನ ಮುರಿಯುತ್ತದೆ. ಹಾಸಿಗೆ ಹಿಡಿದವರ ಮೂಳೆ, ಸ್ನಾಯು ಸೊರಗುವುದೂ ಭಾರ ಬೀಳದೆ ಹೋದದ್ದರಿಂದಲೇ.

ಚಳಿಗೆ ಒಗ್ಗಿಸುವುದು ಎಲ್ಲ ಗಿಡಕ್ಕೂ ಆಗದು. ಕೋಸಿನ ಜಾತಿಯವು ಕೆಲವು ದಿನ ಐದು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಕೋಶದಲ್ಲಿ ಸಕ್ಕರೆ ಕೂಡಿಸಿಕೊಂಡು, ಪೊರೆಯ ಕೊಬ್ಬನ್ನು ಬದಲಿಸಿಕೊಂಡು ಹಿಮಕ್ಕೂ ಸಿದ್ಧವಾಗುತ್ತವೆ. ಆದರೆ ವಾರಗಟ್ಟಲೆ ಹಾಗೇ ಬಿಟ್ಟರೆ ಗಡ್ಡೆ ಕಟ್ಟದೆ ಹೂಗೊನೆ ಬಿಡುತ್ತವೆ. ಟೊಮೆಟೊ, ಸೌತೆ, ಬಾಳೆಗೆ ಹತ್ತು ಹನ್ನೆರಡು ಡಿಗ್ರಿಯ ಕೆಳಗೇ ಪೆಟ್ಟು. ಅವಕ್ಕೆ ಚಳಿ ಅಭ್ಯಾಸ ಮಾಡಿಸಲು ಹೋಗಬೇಡಿ, ಮುಚ್ಚಿ ಕಾಪಾಡಿ.

ದೇಹ: ಶುರು ಮಾಡುವ ಮುನ್ನ

ಹೃದಯ, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಮೂತ್ರ ಹೆಚ್ಚಿಸುವ ಮಾತ್ರೆ, ನಾಡಿಯ ವೇಗ ತಗ್ಗಿಸುವ ಬೀಟಾ ಬ್ಲಾಕರ್, ಕೆಲವು ಅಲರ್ಜಿ ಹಾಗೂ ಮನೋರೋಗದ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಈ ಔಷಧಿಗಳು ಬೆವರನ್ನೋ, ನಾಡಿಯ ಏರಿಕೆಯನ್ನೋ, ನೀರಿನ ಸಮತೋಲವನ್ನೋ ತಡೆಹಿಡಿಯುತ್ತವೆ. ಜ್ವರ, ಭೇದಿ ಇರುವ ದಿನ, ನಿದ್ದೆಗೆಟ್ಟ ಮರುದಿನ ಬಿಸಿಲ ಅಭ್ಯಾಸ ಬೇಡ.

ಕ್ರಮ ಹೀಗೆ. ಬಿಸಿಲಿನ ಕೆಲಸಕ್ಕೆ ಹೊಸಬರಾದವರಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಶೋಧನಾ ಸಂಸ್ಥೆ ನಿಯಾಶ್ ಹೇಳುವ ಲೆಕ್ಕ: ಮೊದಲ ದಿನ ಪೂರ್ತಿ ಕೆಲಸದ ಹೊತ್ತಿನ 20 ಪ್ರತಿಶತ ಮಾತ್ರ, ಆಮೇಲೆ ದಿನಕ್ಕೆ 20 ಪ್ರತಿಶತಕ್ಕಿಂತ ಹೆಚ್ಚು ಸೇರಿಸಬಾರದು. ಎಂಟು ಗಂಟೆಯ ಕೆಲಸವಾದರೆ ಮೊದಲ ದಿನ ಒಂದೂವರೆ ಗಂಟೆಯ ಆಸುಪಾಸು. ಮೊದಲೇ ಅಭ್ಯಾಸವಿದ್ದು ಬಿಡುವಿನ ನಂತರ ಮರಳಿದವರಿಗೆ 50, 60, 80, 100 ಪ್ರತಿಶತ, ನಾಲ್ಕು ದಿನದಲ್ಲಿ. ಕೆಲಸಕ್ಕಲ್ಲದೆ ಓಟಕ್ಕೋ ಚಾರಣಕ್ಕೋ ತಯಾರಾಗುವವರು ದಿನಕ್ಕೆ 60ರಿಂದ 90 ನಿಮಿಷ ಬೆವರು ಬರುವಷ್ಟು ಮೈ ದಂಡಿಸಬೇಕು. ಮೊದಲ ದಿನ 20 ನಿಮಿಷದಿಂದ ಶುರು ಮಾಡಿ ವಾರದಲ್ಲಿ ಅಲ್ಲಿಗೆ ಮುಟ್ಟಲಿ. ಬಿಸಿಲಲ್ಲಿ ಸುಮ್ಮನೆ ಕೂತರೆ ಪ್ರಯೋಜನ ಕಡಿಮೆ. ಒಳಗಿನ ಶಾಖ ಏರಿ ಬೆವರು ಹರಿಯದೆ ದೇಹ ಬದಲಾಗದು. ದಿನವಿಡೀ ಎಸಿಯಲ್ಲಿದ್ದು ವಾರಾಂತ್ಯಕ್ಕೊಮ್ಮೆ ಮೂರು ಗಂಟೆ ಓಡುವುದಕ್ಕಿಂತ ದಿನಾ ಒಂದು ಗಂಟೆ ನಡೆಯುವುದು ಎಷ್ಟೋ ವಾಸಿ.

ಒಳಗೆ ಏನಾಗುತ್ತದೆ? ಮೊದಲ ಮೂರರಿಂದ ಆರು ದಿನದಲ್ಲಿ ಪ್ಲಾಸ್ಮಾ ಹೆಚ್ಚುತ್ತದೆ. ಚರ್ಮಕ್ಕೂ ಸ್ನಾಯುವಿಗೂ ಒಟ್ಟಿಗೆ ರಕ್ತ ಕಳಿಸಬೇಕಾದ ಹೃದಯಕ್ಕೆ ಪ್ರತಿ ಬಡಿತದಲ್ಲೂ ಹೆಚ್ಚು ಸಿಗುವುದರಿಂದ ನಾಡಿ ಇಳಿಯುತ್ತದೆ. ಐದರಿಂದ ಹದಿನಾಲ್ಕು ದಿನದೊಳಗೆ ಬೆವರು ಬೇಗ ಒಡೆಯತೊಡಗುತ್ತದೆ, ಹೆಚ್ಚು ಬರುತ್ತದೆ, ಆದರೆ ಉಪ್ಪು ಕಡಿಮೆಯಾಗುತ್ತದೆ. ಆಲ್ಡೊಸ್ಟಿರೋನ್ ಹಾರ್ಮೋನಿನ ಪ್ರಭಾವದಿಂದ ಗ್ರಂಥಿಯ ನಾಳ ಸೋಡಿಯಂ ಅನ್ನು ಮರಳಿ ಹೀರಿಕೊಳ್ಳುತ್ತದೆ. ಬಟ್ಟೆಯ ಮೇಲಿನ ಬಿಳಿ ಉಪ್ಪಿನ ಗೆರೆ ಎರಡನೆಯ ವಾರಕ್ಕೆ ಮಸುಕಾಗುವುದು ಇದರಿಂದಲೇ. ಹಾಗಾಗಿ ಮೊದಲ ವಾರ ಊಟದಲ್ಲಿ ಉಪ್ಪು ಬಿಡುವುದು ಬೇಡ (ವೈದ್ಯರು ಬಿಡಲು ಹೇಳಿದವರು ಅವರನ್ನೇ ಕೇಳಲಿ). ಉಪ್ಪಿನ ಮಾತ್ರೆ ನುಂಗುವ ಅಗತ್ಯವೂ ಇಲ್ಲ.

ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಒಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಒಯ್ಯುವುದು ಹೆಚ್ಚುಕಡಿಮೆ ಸೊನ್ನೆ. ಸೆಕೆಯ ದಿನ ಥರ್ಮಾಮೀಟರು ಕಡಿಮೆ ತೋರಿಸಿದರೂ ಒಣ ಬಿಸಿಲಿಗಿಂತ ಹೆಚ್ಚು ದಣಿವಾಗುವುದು, ಒಣ ಬಿಸಿಲಿಗೆ ಒಗ್ಗಿದವರು ತೇವದ ಸೆಕೆಗೆ ಬಂದಾಗ ಮತ್ತೆ ಕೆಲವು ದಿನ ನಿಧಾನಿಸಬೇಕಾಗುವುದು ಇದಕ್ಕೇ.

ತೂಕ ಮತ್ತು ನಾಡಿ

ಕುಂಡ ತೂಗಿದ ಹಾಗೆಯೇ ನಿಮ್ಮನ್ನೂ ತೂಗಿಕೊಳ್ಳಿ. ಮೂತ್ರ ಮಾಡಿ ಬಂದು, ಕನಿಷ್ಠ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಬಿಸಿಲಲ್ಲಿ ಮೈ ದಂಡಿಸಿ. ಬೆವರು ಒರೆಸಿಕೊಂಡು, ಒದ್ದೆ ಬಟ್ಟೆ ತೆಗೆದು ಮತ್ತೆ ನೋಡಿ. ಮೊದಲು 62.4 ಕೆಜಿ, ಆಮೇಲೆ 61.6 ಕೆಜಿ, ನಡುವೆ ಅರ್ಧ ಲೀಟರ್ ಕುಡಿದಿದ್ದೀರಿ, ಮೂತ್ರಕ್ಕೆ ಹೋಗಿಲ್ಲ ಎಂದಾದರೆ 0.8 ಮತ್ತು 0.5 ಸೇರಿ 1.3 ಲೀಟರ್ ಬೆವರು. ಎರಡು ಪ್ರತಿಶತ ತೂಕ, ಅಂದರೆ ಇವರ ಮಟ್ಟಿಗೆ ಸುಮಾರು 1.2 ಕೆಜಿ ಇಳಿಯಲು ಬಿಡಬಾರದು. ಅದರಾಚೆ ನಾಡಿಯೂ ಒಳಗಿನ ತಾಪವೂ ಬೇಗ ಏರುತ್ತವೆ. ತೂಕ ಹೆಚ್ಚಿದ್ದರೆ ಅದು ಇನ್ನೂ ಕೆಟ್ಟ ಸೂಚನೆ: ಬೆವರಿದ್ದಕ್ಕಿಂತ ಹೆಚ್ಚು ಕುಡಿದಿದ್ದೀರಿ, ರಕ್ತದ ಸೋಡಿಯಂ ತೆಳುವಾಗುವ ಅಪಾಯವಿದೆ. 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 240 ಮಿಲಿಲೀಟರು ಸರಿಯಾದ ಪ್ರಮಾಣ; ಗಂಟೆಗೆ 1.4 ಲೀಟರ್ ಮೀರಬಾರದು.

ನಾಡಿಯನ್ನು ಕೆಲಸ ನಿಲ್ಲಿಸಿ ಕೂತ ಕೂಡಲೇ ಎರಡು ಸಲ ಎಣಿಸಿ. ಮೊದಲ ನಿಮಿಷದ ಕೊನೆಯ ಅರ್ಧದಲ್ಲಿ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ, ಮೂರನೆಯ ನಿಮಿಷದ ಕೊನೆಯ ಅರ್ಧದಲ್ಲಿ ಹಾಗೆಯೇ. ಮೂರನೆಯ ನಿಮಿಷದಲ್ಲಿ 90ರ ಕೆಳಗಿದ್ದರೆ ಮುಂದುವರಿಸಬಹುದು. 90ರ ಮೇಲಿದ್ದು, ಮೊದಲನೆಯದಕ್ಕಿಂತ ಹತ್ತು ಬಡಿತವೂ ಇಳಿದಿಲ್ಲವಾದರೆ ಆ ದಿನದ ಹೊರೆ ಹೆಚ್ಚಾಯಿತು. ಮೊದಲ ನಿಮಿಷದಲ್ಲೇ 110 ಮೀರಿದ್ದರೆ ಮುಂದಿನ ಸುತ್ತಿನ ಕೆಲಸದ ಹೊತ್ತನ್ನು ಮೂರನೇ ಒಂದರಷ್ಟು ಕತ್ತರಿಸಿ, ವಿಶ್ರಾಂತಿ ಅಷ್ಟೇ ಇರಲಿ. ಈ ಅಂಕಿಗಳನ್ನು ಆ ದಿನದ ಉಷ್ಣತೆಯ ಜೊತೆ ಬರೆದಿಡಿ. ಅದೇ ಕೆಲಸ, ಅದೇ ವೇಗ, ಅದೇ ಸೆಕೆಯಲ್ಲಿ ಏಳನೆಯ ದಿನದ ನಾಡಿ ಮೊದಲ ದಿನಕ್ಕಿಂತ ಸ್ಪಷ್ಟವಾಗಿ ಇಳಿದಿದ್ದರೆ ಒಗ್ಗುತ್ತಿದ್ದೀರಿ. ಇಳಿಯದಿದ್ದರೆ ನಿದ್ದೆ, ನೀರು, ಬೆಳಗಿನ ವಿಶ್ರಾಂತಿ ನಾಡಿ ನೋಡಿ, ಹೊತ್ತು ಹೆಚ್ಚಿಸಬೇಡಿ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ನಾಡಿ ಈ ಲೆಕ್ಕಕ್ಕೆ ಬಗ್ಗದು.

ನಿಲ್ಲಿಸಬೇಕಾದ ಗುರುತುಗಳು: ತಲೆನೋವು, ವಾಕರಿಕೆ, ಸ್ನಾಯು ಹಿಡಿತ, ಬಿಸಿಲಲ್ಲೂ ಮೈ ನವಿರೇಳುವುದು. ನೆರಳು, ನೀರು, ಒದ್ದೆ ಬಟ್ಟೆ, ಗಾಳಿ, ಅವತ್ತಿಗೆ ಅಷ್ಟೇ. ಮಾತು ತೊದಲಿದರೆ, ಸಿಟ್ಟು ಗೊಂದಲ ಕಂಡರೆ, ನಡಿಗೆ ತಪ್ಪಿದರೆ ಅದು ಉಷ್ಣಾಘಾತ ಎಂದೇ ತಿಳಿಯಿರಿ. ಒಳಗಿನ ತಾಪ 40 ಡಿಗ್ರಿ ದಾಟಿರಬಹುದು. ಆಂಬುಲೆನ್ಸ್‌ಗೆ ಫೋನ್ ಮಾಡುವಾಗಲೇ ತಂಪು ಮಾಡುವುದೂ ಶುರುವಾಗಬೇಕು: ತಣ್ಣೀರಿನ ತೊಟ್ಟಿ ಇದ್ದರೆ ಕತ್ತಿನವರೆಗೆ ಇಳಿಸಿ, ತಲೆ ಹಿಡಿದುಕೊಳ್ಳಿ, ಇಲ್ಲವಾದರೆ ಬಕೆಟ್‌ಗಟ್ಟಲೆ ನೀರು ಸುರಿಯುತ್ತ ಗಾಳಿ ಹಾಕಿ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಡಬೇಡಿ. ಬೆವರು ನಿಂತಿಲ್ಲ, ಹಾಗಾಗಿ ಉಷ್ಣಾಘಾತವಲ್ಲ ಎಂದು ಕಾಯುವವರಿದ್ದಾರೆ. ದುಡಿಯುವಾಗ ಬರುವ ಉಷ್ಣಾಘಾತದಲ್ಲಿ ಮೈ ಬೆವರಿನಿಂದ ತೊಯ್ದೇ ಇರಬಹುದು.

ಎತ್ತರ ಮತ್ತು ತಣ್ಣೀರು

ಎತ್ತರದ ಜಾಗದಲ್ಲೂ ಮೂರು ವೇಗಗಳೇ. ಉಸಿರಾಟ ನಿಮಿಷಗಳಲ್ಲಿ ಹೆಚ್ಚುತ್ತದೆ, ಅದರಿಂದ ಏರುಪೇರಾದ ರಕ್ತದ ಆಮ್ಲ-ಕ್ಷಾರ ಸಮತೋಲವನ್ನು ಕಿಡ್ನಿ ಕೆಲವು ದಿನಗಳಲ್ಲಿ ಸರಿಪಡಿಸುತ್ತದೆ, ಕೆಂಪುಕಣ ಹೆಚ್ಚಲು ವಾರಗಳು ಬೇಕು. 3000 ಮೀಟರಿನ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಒಂದು ರಾತ್ರಿ ಹೆಚ್ಚು ಉಳಿಯಿರಿ. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಏರುವುದು ನಿಲ್ಲಲಿ. ಸರಳ ಗೆರೆಯ ಮೇಲೆ ನಡೆಯಲಾಗದಿದ್ದರೆ ಅಥವಾ ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಕೆಳಗಿಳಿಯಲೇಬೇಕು.

ತಣ್ಣೀರಿಗೆ ಇಳಿದಾಗ ಮೊದಲ ಒಂದೆರಡು ನಿಮಿಷ ಉಸಿರು ಎಳೆದೆಳೆದು ಬರುತ್ತದೆ, ಮುಳುಗುವವರಲ್ಲಿ ಹಲವರು ಆಗಲೇ ನೀರು ಕುಡಿಯುವುದು. ಐದಾರು ಸಲ, ಸಲಕ್ಕೆ ಎರಡು ಮೂರು ನಿಮಿಷ, ಕಾಲೂರುವಷ್ಟು ಆಳದಲ್ಲಿ, ಜೊತೆಗೊಬ್ಬರಿದ್ದು ಅಭ್ಯಾಸ ಮಾಡಿದರೆ ಈ ಬೆಚ್ಚುವಿಕೆ ಬಹಳ ತಗ್ಗುತ್ತದೆ. ಆದರೆ ತಗ್ಗಿದ್ದು ಬೆಚ್ಚುವಿಕೆ ಮಾತ್ರ, ದೇಹ ಕಳೆಯುವ ಶಾಖವಲ್ಲ. ನಡುಕ ಕಡಿಮೆಯಾಯಿತೆಂದು ಹೆಚ್ಚು ಹೊತ್ತು ನೀರಲ್ಲಿರುವುದು ಅಪಾಯ.

ಬಿಟ್ಟರೆ ಎಷ್ಟು ದಿನ ಉಳಿಯುತ್ತದೆ

ಬಿಸಿಲಿನ ಒಗ್ಗಿಕೆ ಒಂದು ವಾರ ಬಿಟ್ಟರೆ ಗಮನಕ್ಕೆ ಬರುವಷ್ಟು ಕುಗ್ಗುತ್ತದೆ, ಮೂರು ನಾಲ್ಕು ವಾರಕ್ಕೆ ಹೆಚ್ಚಿನ ಪಾಲು ಹೋಗುತ್ತದೆ. ಬೇಗ ಬಂದದ್ದು ಬೇಗ ಹೋಗುತ್ತದೆ: ನಾಡಿ ಮೊದಲು ಹಿಂದಕ್ಕೆ, ಬೆವರಿನ ಗುಣ ಆಮೇಲೆ. ಒಂದೆರಡು ದಿನ ತಪ್ಪಿದರೆ ಚಿಂತೆಯಿಲ್ಲ, ನಿಲ್ಲಿಸಿದಲ್ಲಿಂದ ಹಿಡಿಯಿರಿ. ಒಂದು ವಾರದ ಮೇಲಾದರೆ 50 ಪ್ರತಿಶತದಿಂದ, ತಿಂಗಳಾದರೆ ಹೊಸಬರ ಹಾಗೆ 20ರಿಂದ. ಗಿಡದಲ್ಲಿ ಇದು ಸ್ವಲ್ಪ ಬೇರೆ. ಬಿಸಿಲಲ್ಲಿ ಬಿಚ್ಚಿದ ಎಲೆ ದಪ್ಪವಾಗೇ ಉಳಿಯುತ್ತದೆ, ಆದರೆ ವಾರಗಟ್ಟಲೆ ನೆರಳಲ್ಲಿದ್ದರೆ ಅದರ ರಕ್ಷಕ ವರ್ಣದ್ರವ್ಯ ಕರಗುತ್ತದೆ. ಮತ್ತೆ ಹೊರಗೆ ತರುವಾಗ ಹದಿನಾಲ್ಕರ ಬದಲು ಐದಾರು ದಿನದ ಕ್ರಮ ಸಾಕು. ಆ ನಡುವೆ ನೆರಳಲ್ಲಿ ಹುಟ್ಟಿದ ತೆಳು ಚಿಗುರು ಇದ್ದರೆ ಮಾತ್ರ ಅದರ ಲೆಕ್ಕಕ್ಕೆ ಹದಿನಾಲ್ಕು ದಿನವನ್ನೇ ಹಿಡಿಯಿರಿ.